ಐದಕ್ಕೆ ಐದು ಕೊಟ್ಟು ಹೋದ ಅಜ್ಜ

೧೪ ಮಾರ್ಚ್, ಗುರುವಾರ. ಪೆನಾಂಗ್, ಮಲೇಷ್ಯಾ.

ಹನ್ನೊಂದು ವರ್ಷದಿಂದ ಇಂಡೋನೇಷ್ಯಾದ ಮೆಡಾನ್‌ನಿಂದ ಚಿಕಿತ್ಸೆಗೆ ನಮ್ಮ ಆಸ್ಪತ್ರೆಗೇ ಬರುವ ತಾರಿಗಾನ್ ಅಜ್ಜನಿಗೆ ಇಂದು ಬಿಡುಗಡೆ. ಅಭಿಪ್ರಾಯದ ಹಾಳೆಯಲ್ಲಿ ಎಲ್ಲಕ್ಕೂ ಐದಕ್ಕೆ ಐದು ಕೊಟ್ಟರು. ಆಮೇಲೆ ಲಿಫ್ಟಿನ ಬಳಿ ಮೆಲ್ಲಗೆ ಅಂದರು, "ಬೆಳಿಗ್ಗೆ ಬೆಲ್ ಒತ್ತಿದೆ, ನೀನು ಬರ್ಲಿಲ್ಲ. ಬಚ್ಚಲಲ್ಲಿ ಜಾರಿ ತಲೆ ಬಡೀತು. ಬರೆದ್ರೆ ನಿನ್ನ ಬೈತಾರಲ್ಲ ಮಗಳೇ, ಬಿಟ್ಟೆ."

ಅವರು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ತಲೆಗೆ ಪೆಟ್ಟಾದರೆ ಒಳಗೇ ರಕ್ತ ಸೋರಬಹುದು. ಗೊತ್ತಿದ್ದೂ ನಕ್ಕು ಕಳಿಸಿದೆ. ಈ ತಿಂಗಳ ಉತ್ತಮ ನರ್ಸ್ ಪಟ್ಟಿಯಲ್ಲಿ ನನ್ನ ಹೆಸರಿದೆ.

ಸಂಜೆ ತಡೆಯಲಾರದೆ ಅವರು ಇಳಿದುಕೊಂಡಿದ್ದ ಹೋಟೆಲಿಗೆ ಫೋನ್ ಮಾಡಿದೆ. ಹೆಂಡತಿ ಎತ್ತಿದರು. "ತಲೆನೋವು ಅಂತ ಮಲಗಿದಾರೆ ಸಿಸ್ಟರ್."

"ಎಬ್ಬಿಸಿ, ಈಗ್ಲೇ ಕರ್ಕೊಂಡು ಬನ್ನಿ. ತಪ್ಪು ನಂದು."

ಡಾಕ್ಟರಿಗೂ ಎಲ್ಲ ಹೇಳಿಬಿಟ್ಟೆ. ಈಗ ಸ್ಕ್ಯಾನ್ ಕೋಣೆಯ ಹೊರಗೆ ಕೂತಿದ್ದೇನೆ. ಬಾಗಿಲು ತೆರೆದಿಲ್ಲ. ಅಜ್ಜಿ ನನ್ನ ಎಡಗೈ ಹಿಡಿದೇ ಕೂತಿದ್ದಾರೆ, ಇನ್ನೂ ನನ್ನನ್ನೇ ನಂಬಿ.