ಅರ್ಧ ಲೋಟ ಗ್ಲೂಕೋಸ್ ನೀರು

ಕಾಮಸಮುದ್ರ
೧೪-೬-೧೯೮೬

ಡಾಕ್ಟರಮ್ಮನವರಿಗೆ ಸೀನಪ್ಪನ ನಮಸ್ಕಾರ.

ನಿಮ್ಮ ಆಸ್ಪತ್ರೆಯವರು ನನ್ನ ಅಕ್ಕ ಆದಿಲಕ್ಷ್ಮಿಗೆ ಗ್ಲೂಕೋಸ್ ನೀರು ಕುಡಿಯಲು ಕೊಟ್ಟರು, ಏಕೆಂದು ಹೇಳಲಿಲ್ಲ. ಇದು ತಪ್ಪು. ಗಣಿ ಕೂಲಿಗಳ ಲೈನ್ ಮನೆಯ ಹೆಂಗಸಿಗೆ ಅರ್ಥವಾಗದೆಂದು ತೀರ್ಮಾನಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಹೋದ ವರ್ಷ ಏಳು ತಿಂಗಳ ಬಸುರಿ ಅಕ್ಕ ಊರಿಗಾಂನಿಂದ ಬರಿಹೊಟ್ಟೆಯಲ್ಲಿ ಬಂದಿದ್ದಳು. ನರ್ಸಮ್ಮ ಲೋಟ ಕೊಟ್ಟು ಒಳಗೆ ಹೋದರು. ಜೊತೆಗಿರಲು ಮೊದಲ ಬಸ್ಸಿಗೆ ಬಂದ ನಾನೂ ಏನೂ ತಿಂದಿರಲಿಲ್ಲ.

"ನಿನ್ನ ಬಿಟ್ಟು ನಾನೊಬ್ಳೇ ಎಂಗ್ಲಾ ಕುಡೀಲಿ? ತಗೋ," ಎಂದು ಅಕ್ಕ ಅರ್ಧ ನನಗೆ ಕೊಟ್ಟಳು. ಕುಡಿದೆ. ಎರಡು ಗಂಟೆ ಬಿಟ್ಟು ರಕ್ತ ತೆಗೆದು, ಸಕ್ಕರೆ ಕಾಯಿಲೆ ಇಲ್ಲವೆಂದು ಚೀಟಿ ಕೊಟ್ಟಿರಿ.

ಮಗು ನಾಲ್ಕೂವರೆ ಕಿಲೋ ಇತ್ತು. ಹುಟ್ಟುವಾಗಲೇ ಉಸಿರಿರಲಿಲ್ಲ.

ಆ ನೀರನ್ನು ಪೂರ್ತಿ ಕುಡಿದರೆ ಮಾತ್ರ ದೇಹ ಸಕ್ಕರೆಯನ್ನು ತಡೆದುಕೊಳ್ಳುತ್ತದೋ ಇಲ್ಲವೋ ತಿಳಿಯುತ್ತದೆಂದು ಮೊನ್ನೆ ಒಂದು ಆರೋಗ್ಯ ಕರಪತ್ರದಲ್ಲಿ ಓದಿದೆ. ತಾಯಿಯ ಸಕ್ಕರೆ ಕಾಯಿಲೆ ಪತ್ತೆಯಾಗದಿದ್ದರೆ ಮಗು ಮಿತಿಮೀರಿ ದಪ್ಪವಾಗಿ ಹೊಟ್ಟೆಯಲ್ಲೇ ಸಾಯಬಹುದೆಂದೂ ಅದರಲ್ಲಿತ್ತು. ಅಕ್ಕನಿಗೆ ಹೇಳುವ ಧೈರ್ಯ ಬಂದಿಲ್ಲ.

ಅವಳಿಗೆ ಈಗ ಮತ್ತೆ ಆರು ತಿಂಗಳು. ಅವಳ ಅತ್ತೆ ಮುತ್ಯಾಲಮ್ಮ ಹಳೆಯ ಚೀಟಿ ಹಿಡಿದು, "ಕಾಯ್ಲೆ ಇಲ್ಲ ಅಂತ ಬರ್ಕೊಟ್ಟವ್ರೆ. ಇವಳ ಒಟ್ಟೇನೇ ಸರಿಯಿಲ್ಲ. ಇನ್ಯಾತರ ಟೆಸ್ಟು?" ಎನ್ನುತ್ತಾರೆ. ಆ ಚೀಟಿಯನ್ನು ನಂಬಬಾರದೆಂದು ನೀವೇ ಅವರೆದುರು ಹೇಳಬೇಕು. ಹೇಗೆ ತಪ್ಪಾಯಿತೆಂದು ಕೇಳಿದರೆ, ಅಕ್ಕ ಅಲ್ಲೇ ಇದ್ದರೂ ಸರಿ, ನನ್ನನ್ನು ತೋರಿಸಿ.

ಇಬ್ಬರನ್ನೂ ಕರೆತರುತ್ತೇನೆ. ಗುರುವಾರ ಬೆಳಗ್ಗೆ ಏಳು ಗಂಟೆಗೆ ನಿಮ್ಮ ಬಾಗಿಲಲ್ಲಿರುತ್ತೇವೆ.

ಸೀನಪ್ಪ