ಡಿಸ್ಕಿಗೆ ಇಟ್ಟ ವಿಭೂತಿ

ಯಸಳೂರು,
೧೪ ನವೆಂಬರ್ ೨೦೨೪

ನನ್ನ ಮುದ್ದು ತಮ್ಮ ಚಂದನ್‌ಗೆ,

ಗಡಿಯ ಚಳಿಯಲ್ಲಿ ನಿನ್ನ ಮೊಣಕಾಲು ನೋವು ಹೇಗಿದೆ? ಸ್ವೆಟರ್ ತಲುಪಿತೇ? ಅಲ್ಲಿಗೆ ಫೋನ್ ಹೋಗದ ಕಾರಣ ಪತ್ರದಲ್ಲೇ ನಿನ್ನನ್ನು ಬೈಯಬೇಕಾಗಿದೆ.

ರಜೆಯಲ್ಲಿ ಬಂದಾಗ ನೀನು ಮಾಡಿಕೊಟ್ಟ ಡಿಸ್ಕ್ ಹಾಕಿಯೇ ದಿನವೂ ನಮ್ಮ ಹಳೆಯ ಕಂಪ್ಯೂಟರ್ ಶುರು ಮಾಡುತ್ತಿದ್ದೆ. ಯಾರೂ ಕದ್ದು ನೋಡದ ಹಾಗೆ ಆಸ್ಪತ್ರೆಯ ನೆಟ್‌ವರ್ಕಿಗೆ ಸೀದಾ ಹೋಗಿ, ಡಾಕ್ಟರ ವರದಿಗಳನ್ನು ಮನೆಯಿಂದಲೇ ಟೈಪ್ ಮಾಡುತ್ತಿದ್ದೆ. ಸೋಮವಾರ ಇಡೀ ದಿನ ಕರೆಂಟ್ ಇರಲಿಲ್ಲ. ಮಂಗಳವಾರ ಹನ್ನೆರಡರೊಳಗೆ ಒಬ್ಬ ಹೆಂಗಸಿನ ವರದಿ ಹೋಗಲೇಬೇಕಿತ್ತು, ಮರುದಿನ ಅವರಿಗೆ ಆಪರೇಷನ್. ಡಿಸ್ಕ್ ಹಾಕಿದರೆ ಗರಗರ ಸುತ್ತಿತೇ ಹೊರತು ಶುರುವಾಗಲಿಲ್ಲ. ತೆಗೆದು ನೋಡಿದರೆ ಹೊಳೆಯುವ ಕಡೆ ಮೂರು ಬೆರಳಿನ ವಿಭೂತಿ, ತೂತಿನ ಪಕ್ಕ ಕುಂಕುಮ. "ನೆನ್ನೆ ಕಾರ್ತಿಕ ಸೋಮವಾರ ಅಲ್ವೇನೇ, ನಿಂಗೆ ಕೆಲ್ಸ ಕೊಟ್ಟಿರೋದೇ ಅದು" ಎಂದರು ನಮ್ಮತ್ತೆ ರಾಜಲಕ್ಷ್ಮಮ್ಮ. ನಾನು ಜೋರು ಮಾಡಿದೆ. ಅವರು ಮುಖ ಊದಿಸಿಕೊಂಡು ಹಿತ್ತಲಿಗೆ ಹೋದರು.

ಮೆತ್ತನೆ ಬಟ್ಟೆಯಲ್ಲಿ ಒರೆಸಿದ ಮೇಲೆ ಡಿಸ್ಕೇನೋ ಶುರುವಾಯಿತು, ಆದರೆ ಆಸ್ಪತ್ರೆಯ ನೆಟ್‌ವರ್ಕ್ ಒಳಗೆ ಬಿಡಲಿಲ್ಲ. ಒಳಗೆ ಹೋಗಲು ನನ್ನ ಗುರುತಾಗಿ ಡಿಸ್ಕಿನಲ್ಲಿರುವ ಸರ್ಟಿಫಿಕೇಟಿನ ಅವಧಿ ಇನ್ನೂ ಶುರುವೇ ಆಗಿಲ್ಲವಂತೆ. ನೀನು ಬರೆದಿಟ್ಟ ಹಾಳೆಯ ಪ್ರಕಾರ ರೂಟರ್ ಆರಿಸಿ ಹಾಕಿದೆ, ವೈರು ಬದಲಿಸಿದೆ. ಹನ್ನೊಂದೂವರೆಯಾಯಿತು, ಅಳುವೇ ಬಂತು. ಕೋಪ ಮರೆತು ಕಾಫಿ ತಂದ ಅತ್ತೆ ಪರದೆಯ ಮೂಲೆಯನ್ನೇ ನೋಡುತ್ತಾ ನಿಂತರು. "ಇದ್ರಲ್ಲಿ ಎರಡು ಸಾವಿರದ ಒಂಬತ್ತು ಅಂತ ಐತಲ್ಲೇ. ನಿಮ್ಮಾವ ಇನ್ನೂ ಇದ್ರು ಆಗ."

ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವ ಒಳಗಿನ ಪುಟ್ಟ ಬ್ಯಾಟರಿ ಸತ್ತು, ಕಂಪ್ಯೂಟರ್ ಹದಿನೈದು ವರ್ಷ ಹಿಂದಕ್ಕೆ ಹೋಗಿತ್ತು; ಈ ವರ್ಷದ ಸರ್ಟಿಫಿಕೇಟ್ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇರಲಿಲ್ಲ. ತಾರೀಖು ತಿದ್ದಲು ಹೊರಟರೆ ಅತ್ತೆ, "ಒಂದ್ ಗಳಿಗೆ ಹಂಗೇ ಇರ್ಲಿ ಬಿಡೇ" ಎಂದರು. ಅಷ್ಟು ಅವಸರದಲ್ಲೂ ಒಂದು ನಿಮಿಷ ಹಾಗೇ ಬಿಟ್ಟೆ. ಆಮೇಲೆ ತಿದ್ದಿದೆ. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ವರದಿ ಹೋಯಿತು. ಅತ್ತೆಗೆ ತಪ್ಪಾಯಿತೆಂದೆ. ಇನ್ನು ವಿಭೂತಿ ಡಿಸ್ಕಿನ ಡಬ್ಬಿಗೆ ಮಾತ್ರ ಎಂದು ಒಪ್ಪಂದವಾಗಿದೆ. ನಿನ್ನ ಭಾವ ಸಕಲೇಶಪುರದಿಂದ ಹೊಸ ಬ್ಯಾಟರಿ ತಂದು ಹಾಕಿದರು.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ಅತ್ತೆ ನಿನಗೂ ವಿಭೂತಿ ಕಳಿಸಿದ್ದಾರೆ, ಹಣೆಗೆ.

ನಿನ್ನ ಅಕ್ಕ,
ತನುಜಾ

ಮರೆತಿದ್ದೆ: ಆ ಗಡಿಬಿಡಿಯಲ್ಲಿ, ತಾರೀಖು ತಿದ್ದಲು ಮೊದಲ ಸಲ ಬೇಕಾದ ಪಾಸ್‌ವರ್ಡನ್ನು ನಿನ್ನ ಹಾಳೆ ನೋಡಿ ಓದಿ ಹೇಳಿದವರು ಅತ್ತೆ. "ಶಾಲಿನಿ ಕುಂದೂರು" ಎಂದಿತ್ತು. ಸಂಜೆಯೇ ಅಮ್ಮನಿಗೆ ಫೋನ್ ಮಾಡಿದರು. ಈ ಭಾನುವಾರ ಅಮ್ಮ ಹೂವು ಹಣ್ಣು ಹಿಡಿದು ಹೆಣ್ಣು ಕೇಳಲು ಕುಂದೂರಿಗೆ ಹೊರಟಿದ್ದಾರೆ, ಅಷ್ಟರಲ್ಲಿ ಈ ಪತ್ರ ನಿನಗೆ ಸಿಗುವುದಿಲ್ಲ. ಪಾಸ್‌ವರ್ಡನ್ನು ನಾನು ಬದಲಿಸಿದ್ದೇನೆ. ಹುಡುಗಿಯನ್ನು ಬದಲಿಸುವುದು ಇನ್ನು ನನ್ನ ಕೈಯಲ್ಲಿಲ್ಲ ಕಣೋ.