ಬಣ್ಣ ಬಿಟ್ಟ ಜುಬ್ಬ

ಮಾರ್ಚ್ ೯, ಭಾನುವಾರ

ಮೂರು ಸಲ ಸೋಪು ಹಚ್ಚಿದರೂ ಕತ್ತು ಇನ್ನೂ ನೀಲಿಯಾಗೇ ಇದೆ.

ಸರ್ಕಾರಿ ಶಾಲೆಗೆ ದೇಣಿಗೆ ಕೂಡಿಸೋ ಫ್ಯಾಷನ್ ಶೋ ನೋಡೋಕೆ ಆಫೀಸಿನವರ ಜೊತೆ ಹೂಡಿ ಬಡಾವಣೆಗೆ ಹೋಗಿದ್ದೆ. ಮಾಡೆಲ್ ಒಬ್ಬ ಕೈಕೊಟ್ಟ. ಎಚ್ಆರ್ ಶಾಂಭವಿ ಮೇಡಂ, "ನಿಮ್ಮದೇ ಸೈಜು ಕಣ್ರೀ" ಅಂತ ಗಿಡದ ಬಣ್ಣ ಹಾಕಿದ ನೀಲಿ ಜುಬ್ಬ ತೊಡಿಸಿ ನನ್ನನ್ನೇ ವೇದಿಕೆಗೆ ತಳ್ಳಿದರು. ಲೈಟಿನ ಸೆಕೆ, ಅದರ ಮೇಲೆ ಭಯ. ಬೆವರಿನ ಜೊತೆ ಬಣ್ಣವೂ ಇಳಿಯಿತು. ಕತ್ತು ಒರೆಸಿಕೊಂಡ ಕೈ ಮುಖಕ್ಕೂ ಹೋಯ್ತು. ಜನ ಬಿದ್ದು ಬಿದ್ದು ನಕ್ಕರು. ನಿರೂಪಕಿ ಬಿಡಲಿಲ್ಲ: "ನೋಡಿ, ಕೆಮಿಕಲ್ ಒಂಚೂರೂ ಇಲ್ಲ!" ಆ ಜುಬ್ಬಕ್ಕೇ ಜಾಸ್ತಿ ಆರ್ಡರ್ ಬಂತಂತೆ!

ಭಾನುವಾರವೂ ಆಫೀಸಾ ಅಂತ ಮುನಿಸಿಕೊಂಡಿದ್ದ ಹೆಂಡತಿ ಮಹಾದೇವಿ, ಬಾಗಿಲು ತೆಗೆದವಳೇ "ಯಾರ್ರೀ ನೀವು?" ಅಂದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು. ಅವಳು ಹಾಗೆ ನಕ್ಕು ಎಷ್ಟು ದಿನವಾಗಿತ್ತು. ಈಗಲೂ ರೂಮಿನಿಂದ ನಗು ಕೇಳ್ತಾ ಇದೆ. ಇರಲಿ, ನಾನೂ ಹೋಗಿ ಅವಳ ಜೊತೆ ಕೂತು ನಗ್ತೀನಿ.